ಟೈಲರಮ್ಮನ ಕೈಯ ಫೋಟೊ

ಅಕ್ಕಾ,

ಎಲ್ಲರೂ ಚೆನ್ನಾಗಿದ್ದೀರಾ? ನನಗಂತೂ ಇವತ್ತು ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳ ಫೋಟೊ ತೆಗೆಯುವ ಕೆಲಸಕ್ಕೆಂದು ಇಲ್ಲಿಗೆ ಬಂದೆನಲ್ಲ, ವಾರವಾರದ ಫೋಟೊ ಹೋಲಿಸಿ ಗಾಯ ಮಾಯುತ್ತಿದೆಯೇ ಎಂದು ನೋಡುತ್ತಾರೆ. ಬೆಳಕು ಪ್ರತಿ ಸಲವೂ ಒಂದೇ ಆಗಿರಲೆಂದು ನಾನು ಗಾಯದ ಪಕ್ಕ ಬೂದು ಕಾರ್ಡಿಟ್ಟು, ಕ್ಯಾಮೆರಾದ ಸ್ಪಾಟ್ ಮೋಡಿನಲ್ಲಿ ಅದರ ಮೇಲಿನ ಬೆಳಕನ್ನಷ್ಟೇ ಅಳೆದು ತೆಗೆಯುತ್ತೇನೆ. ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ಜೊತೆ ಕೆಲಸ ಮಾಡುವವನು ಅದನ್ನು ಇಡೀ ದೃಶ್ಯದ ಬೆಳಕು ಅಳೆಯುವ ಮೋಡಿಗೆ ಹಾಕಿದ್ದಾನೆ. ಬಿಳಿ ಹಾಸಿಗೆಯ ಹೊಳಪಿಗೆ ಕ್ಯಾಮೆರಾ ಮೋಸಹೋಗಿ, ಕೈ ಸುಟ್ಟುಕೊಂಡು ವಾರ್ಡಿನಲ್ಲಿರುವ, ಬಟ್ಟೆ ಹೊಲಿಯುವ ಟೈಲರಮ್ಮನ ಕೈ ಫೋಟೊದಲ್ಲಿ ಕಪ್ಪಗೆ ಬಂದಿದೆ. "ಕೈ ಕೊಳೀತಿದೆ, ಕತ್ತರಿಸಿಬಿಡ್ತಾರೆ" ಅಂತ ಆಕೆ ಅದನ್ನು ನೋಡಿ ಊಟ ಬಿಟ್ಟು ಅತ್ತಿದ್ದಾರೆ!

ಅವನನ್ನು ಕೇಳಿದರೆ, "ಫೋಟೊ ಸ್ವಲ್ಪ ಕಪ್ಪಾದ್ರೆ ಏನೀಗ?" ಅಂದ. ತೋಳು ಹಿಡಿದು ವಾರ್ಡಿಗೆ ಎಳೆದುಕೊಂಡು ಹೋದೆ. ನನ್ನ ರೀತಿಯಲ್ಲೇ ಮತ್ತೆ ತೆಗೆದು ತೋರಿಸಿದೆ; ಗಾಯ ಗುಲಾಬಿ ಬಣ್ಣಕ್ಕೆ ತಿರುಗಿ ಮಾಯುತ್ತಿತ್ತು. ಟೈಲರಮ್ಮ ಕಣ್ಣೊರೆಸಿಕೊಂಡು, ಆ ಕೈಯನ್ನೇ ಅವನ ಮುಖಕ್ಕೆ ಹಿಡಿದರು. "ಕ್ಯಾಮೆರಾ ಹಾಳಾಗಿಹೋಗ್ಲಿ. ನೀನು ಇದನ್ನ ಒಂದ್ಸಲ ಕಣ್ಬಿಟ್ಟು ನೋಡಿದ್ಯೇನಪ್ಪಾ?"

ಜ್ವರ ಬಿಟ್ಟಿದೆ, ಅಮ್ಮನಿಗೆ ಹೇಳು. ಅವನ ಜೊತೆ ಮಾತೂ ಬಿಟ್ಟಿದ್ದೇನೆ.

ನಿನ್ನ ತಂಗಿ