ಅಪ್ಪನ ವರ್ಷದ ತಿಥಿಗೆ ಮೊದಲು

ಸುಬಾಂಗ್ ಜಯಾ,
೧೭ ಅಕ್ಟೋಬರ್ ೨೦೨೧

ಪ್ರೀತಿಯ ದೊಡ್ಡಪ್ಪನಿಗೆ, ಇಲ್ಲಿಂದಲೇ ಕಾಲು ಮುಟ್ಟಿದ್ದೇನೆ.

ಎರಡನೇ ಲಸಿಕೆಯ ಜ್ವರ ಇಳಿಯಿತೇ? ದೊಡ್ಡಮ್ಮನ ಮಂಡಿನೋವು ಹೇಗಿದೆ? ನಾನು ಆರೋಗ್ಯವಾಗಿದ್ದೇನೆ. ಈ ವಿಷಯ ಫೋನಿನಲ್ಲಿ ಹೇಳಲಾರೆ, ದೊಡ್ಡಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಓದು ಮುಗಿಸಿ ಮೈಸೂರಿಗೆ ಹೊರಟಿರುವ ಸಹಪಾಠಿ ಗಾನವಿಯ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಕೋವಿಡ್ ನಿರ್ಬಂಧವಿರುವಾಗ ನಾನು ಈಗ ಹೊರಟರೆ ಮತ್ತೆ ಮಲೇಷ್ಯಾದೊಳಗೆ ಬಿಡುವುದು ಅನುಮಾನ.

ಭಾನುವಾರಗಳಲ್ಲಿ ಕ್ಲಾಂಗ್ ಬಂದರಿನ ಕಾರ್ಮಿಕರಿಗೆ ಊಟದ ಪೊಟ್ಟಣ ಹಂಚಲು ಹೋಗುತ್ತೇನೆಂದು ಹೇಳಿದ್ದೆನಲ್ಲ. ಅಲ್ಲಿ ನಮ್ಮ ಕಡೆಯ ಕೆಲವರಿದ್ದಾರೆ, ಹಡಗಿನ ಮೇಲೆ ಕಂಟೇನರ್ ಬಿಗಿಯುವವರು. ಕಳೆದ ವರ್ಷ ಅವರಲ್ಲೊಬ್ಬನಿಗೆ ತಪಾಸಣೆಯಲ್ಲಿ ಎಚ್‌ಐವಿ ಕಂಡು ಊರಿಗೆ ವಾಪಸ್ ಕಳಿಸಿದರು. ಅಂದಿನಿಂದ ಪೊಟ್ಟಣದ ಜೊತೆ ಕರಪತ್ರವನ್ನೂ ಹಂಚುತ್ತಿದ್ದೇನೆ. ಸುನ್ನತಿ ಮಾಡಿಸಿಕೊಂಡ ಗಂಡಸಿಗೆ ಹೆಣ್ಣಿನಿಂದ ಸೋಂಕು ತಗಲುವ ಸಾಧ್ಯತೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆಫ್ರಿಕಾದ ಹಲವು ದೇಶಗಳಲ್ಲಿ ಸರ್ಕಾರವೇ ಮುಂದೆ ನಿಂತು ಮಾಡಿಸುತ್ತದೆ. ಇಲ್ಲಿ ಅಂಥ ಯೋಜನೆ ಇಲ್ಲ. ಕ್ಲಾಂಗಿನ ಒಬ್ಬ ತಮಿಳು ವೈದ್ಯರನ್ನು ನಾನೇ ಹೋಗಿ ಒಪ್ಪಿಸಿದೆ.

ಒಬ್ಬನೂ ಬರಲಿಲ್ಲ. ಕಾರಣಗಳನ್ನು ಕೋಪವಿಲ್ಲದೆ ಬರೆಯುತ್ತೇನೆ. ಗಾಯ ಮಾಯುವತನಕ ಭಾರ ಎತ್ತಬಾರದೆಂದರೆ ಮೇಸ್ತ್ರಿ ಒಪ್ಪುವುದಿಲ್ಲ. ನೋವಿನ ಭಯವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕರಪತ್ರದ ಚಿತ್ರ ಕಂಡೊಡನೆ ಎಲ್ಲರೂ ಅದನ್ನು ಮಡಚಿದರು. ಸುರೇಶ ಎಂಬವನು, "ಸ್ನಾನಕ್ಕೆ ನಿಂತಾಗ ನೋಡಿದವ್ರು ಹೊಸ ಹೆಸ್ರೇನು ಅಂತ ಕೇಳ್ತಾರೆ ಲಾ!" ಎಂದು ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಹೇಳಿದ. ಎಲ್ಲರೂ ನಕ್ಕರು. ಇನ್ನೊಬ್ಬ, ಹಾಗಾದರೆ ಕಾಂಡೋಮ್ ಬೇಡವಲ್ಲ ಎಂದು ಖುಷಿಪಟ್ಟ. ಬೇಕೇ ಬೇಕು ಎಂದೆ. ಅವನ ಆಸಕ್ತಿ ಅಲ್ಲಿಗೆ ಮುಗಿಯಿತು.

ಅವರಲ್ಲಿ ಹಿರಿಯನಾದ ಪುಟ್ಟಣ್ಣ ಮಾತ್ರ ಪೂರ್ತಿ ಓದಿದ. ಓದಿ, "ಎಲ್ಲಾ ಸರಿ ತಮ್ಮಾ. ಇದಾದ್ಮೇಲೆ ನಮ್ಮಪ್ಪನಿಗೆ ಎಡೆ ಇಡ್ಬೋದಾ?" ಎಂದ. ಚರ್ಮದಲ್ಲಿರುವುದು ಧರ್ಮವೇ ಅಲ್ಲ ಎಂದು ಗುಡುಗಿದೆ. ಅವನು ಮೆಲ್ಲಗೆ, "ನೀನ್ ಮಾಡಿಸ್ಕೊಂಡ್ಯಾ?" ಎಂದ. ಇಲ್ಲ ಎಂದೆ. "ಮತ್ತೆ?" ಎಂದು ಊಟದ ಪೊಟ್ಟಣ ಬಿಚ್ಚಿದ.

ಕರಪತ್ರದಲ್ಲಿ ಅವನ ಪ್ರಶ್ನೆಗೆ ಉತ್ತರವಿಲ್ಲ. ಅದನ್ನು ಬರೆದವರು ತಿಥಿಯ ಮನೆ ಕಂಡವರಲ್ಲ.

ಕೋವಿಡ್‌ನಲ್ಲಿ ಅಪ್ಪ ಹೋದ ಮೇಲೆ ಪ್ರತಿ ತಿಂಗಳೂ ನೀವೇ ಪುರೋಹಿತರಾಗಿ ವಿಡಿಯೋದಲ್ಲಿ ಮಾಸಿಕ ಮಾಡಿಸಿದಿರಿ. ಊಟ ಕಟ್ಟಿಸಿಕೊಂಡು ಬಂದ ತಪಾವ್ ಡಬ್ಬಿಗೆ ಫೋನ್ ಒರಗಿಸಿ, ತಮಿಳು ಅಂಗಡಿಯ ಎಳ್ಳು ಹಿಡಿದು ಕೂರುತ್ತಿದ್ದೆ. ಮೊದಲ ಸಲ ಮಂತ್ರ ತೊದಲಿ ಎದ್ದುಬಿಡಲು ಹೋದಾಗ, "ತಪ್ಪಿದರೆ ನಾನು ತಿದ್ದುತ್ತೇನೆ, ನೀನು ಏಳಬೇಡ ಮಗು" ಎಂದಿರಿ. ಇಷ್ಟು ತಿಂಗಳು ಕೂತದ್ದು ಆ ಮಾತಿಗಾಗಿ, ನಂಬಿಕೆಯಿಂದಲ್ಲ. ಅದು ನಿಮಗೂ ಗೊತ್ತು.

ದೊಡ್ಡಮ್ಮನಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ಹೊರಗೆ ಹೋಗುವಾಗ ಮಾಸ್ಕನ್ನು ಮೂಗಿನ ಮೇಲೆ ಹಾಕಿಕೊಳ್ಳಿ, ಗಡ್ಡಕ್ಕಲ್ಲ.

ನಿಮ್ಮ
ಕಾರ್ತಿಕೇಯ

ಇನ್ನೊಂದು ಮಾತು. ಗಾನವಿಯ ಟ್ಯಾಕ್ಸಿ ಕೆಳಗೆ ಬಂದು ನಿಂತಿದೆ. ಮುಂದಿನ ವಾರ ಆ ವೈದ್ಯರಲ್ಲಿ ನಾನು ಮಾಡಿಸಿಕೊಳ್ಳುತ್ತಿದ್ದೇನೆ. ಅದಕ್ಕೆ ಅಪ್ಪಣೆ ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ: ಬರುವ ತಿಂಗಳು ಅಪ್ಪನ ವರ್ಷದ ತಿಥಿಗೆ ನನ್ನನ್ನು ಕೂರಿಸುತ್ತೀರಾ? ಅಂದು ಪುಟ್ಟಣ್ಣ ನನ್ನ ರೂಮಿಗೆ ಬರುತ್ತಾನಂತೆ, ನೀವು ಏನನ್ನುತ್ತೀರೋ ಕಿವಿಯಾರೆ ಕೇಳಬೇಕಂತೆ. ನಾನು ಎಂದಿನ ಹಾಗೆ ಫೋನ್ ಒರಗಿಸಿಕೊಂಡು ಕೂತಿರುತ್ತೇನೆ. ನೀವು ಏಳು ಎಂದರೆ ಏಳುತ್ತೇನೆ.