ತೊಂಬತ್ತೊಂದು ಒಂದುಗಳು

ಮೇಷ್ಟ್ರೇ,

ನಿಮ್ಮ ಹೆಸರಿನಲ್ಲಿ ಒಂದು ಸುಳ್ಳನ್ನು ಕಲ್ಲಿನಲ್ಲಿ ಕೆತ್ತಿಸಲು ಹೊರಟಿದ್ದಾರೆ. ತಿಲಕ್ ನಗರದ ನಮ್ಮ ಪಾರ್ಕಿನಲ್ಲಿ, ನೀವು ಕೂರುತ್ತಿದ್ದ ಬೆಂಚಿನ ಪಕ್ಕದಲ್ಲಿ. ತೊಂಬತ್ತೊಂದು ಒಂದುಗಳನ್ನು ಸಾಲಾಗಿ ಬರೆದ ನಿಮ್ಮ ಕೊನೆಯ ಸಂಖ್ಯೆ ಅಲ್ಲಿರುತ್ತದೆ, ಅದು ಸರಿಯೇ. ಆದರೆ ಅದರ ಕೆಳಗೆ, ‘ನಮ್ಮ ಮೇಷ್ಟ್ರಂತೆ ಅವಿಭಾಜ್ಯ’ ಎಂದು! ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಭಾಗವಾಗದಂತೆ. ನೀವಿದ್ದಿದ್ದರೆ...

ಪ್ರತಿ ಹುಟ್ಟುಹಬ್ಬಕ್ಕೂ ವಾಕಿಂಗ್ ದಾರಿಯ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ವಯಸ್ಸಿನಷ್ಟು ಒಂದುಗಳನ್ನು ಬರೆಯುತ್ತಿದ್ದಿರಿ. ನಡೆಯುವವರೆಲ್ಲ ಅಳಿಸದಂತೆ ಅಂಚಿಗೆ ಸರಿದು ಹೋಗುತ್ತಿದ್ದರು. ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಿ ಒಡೆದವರಿಗೆ ನಿಪ್ಪಟ್ಟು. ಎಷ್ಟು ನಿಪ್ಪಟ್ಟು ಸೋತಿರಿ ನೀವು!

ನಾನು ಮೊದಲು ಅಲ್ಲಿಗೆ ಬಂದದ್ದು ಚಳವಳಿಯ ಕರಪತ್ರ ಹಂಚಲು. ಬೇರೆಯವರು ಮಡಿಸಿ ಜೇಬಿಗಿಟ್ಟರು. ನೀವು ಪೂರ್ತಿ ಓದಿ, ಹಿಂಬದಿಯ ಖಾಲಿ ಜಾಗದಲ್ಲಿ ಲೆಕ್ಕ ಶುರು ಮಾಡಿದಿರಿ.

“ಏನಮ್ಮಾ ಕರಪತ್ರ, ನಿಂಗೆ ಯಾವ ಥರದ ಸಂಖ್ಯೆ ಇಷ್ಟ?”

“ಅವಿಭಾಜ್ಯ, ಮೇಷ್ಟ್ರೇ. ಯಾರಿಗೂ ಬಗ್ಗಲ್ಲ.”

“ಬಗ್ಗದೇ ಇರೋದೊಂದೇ ದೊಡ್ಡಸ್ತಿಕೇನಾ? ಭಾಗ ಆಗೋ ಸಂಯುಕ್ತ ಸಂಖ್ಯೆ ಮನೆ ಬಾಗ್ಲು ತಟ್ಟಿ ನೋಡು. ಒಳಗೆ ಎಷ್ಟು ಜನ ಇರ್ತಾರೆ!”

ನಾನು ಓದಿದ ಯಾವ ಕಿರುಹೊತ್ತಗೆಯೂ ನನಗೆ ಇದನ್ನು ಹೇಳಿರಲಿಲ್ಲ.

ಕೊನೆಯ ಹುಟ್ಟುಹಬ್ಬದಂದು ನಿಮಗೆ ಮಂಡಿ ನೋವು. ನಾನು ಬರೆದೆ, ನೀವು ಕೋಲಿನಿಂದ ಎಣಿಸಿದಿರಿ. ಎರಡು, ಮೂರು, ಐದು, ಯಾವುದೂ ಭಾಗಿಸಲಿಲ್ಲ. ಆಗ ನೀವು ಏಳೇಳು ಒಂದುಗಳಿಗೊಂದು ಗೀಟು ಎಳೆಸಿದಿರಿ. ಹದಿಮೂರು ಗುಂಪು, ಏನೂ ಉಳಿಯಲಿಲ್ಲ. ಪ್ರತಿ ಗುಂಪೂ ಅದೇ ಏಳು ಒಂದುಗಳ ಸಂಖ್ಯೆ, ಅಂದರೆ ಅದು ಇಡೀ ಸಾಲನ್ನು ಭಾಗಿಸುತ್ತದೆ. ಗೀಟುಗಳನ್ನು ಅಳಿಸಿ ಹದಿಮೂರಕ್ಕೊಂದು ಎಳೆಸಿದಿರಿ. ಏಳು ಗುಂಪು! “ಇವೆರಡೂ ದೊಡ್ಡವಾದ್ವು. ಒಂದು ಬಿಟ್ರೆ ಇದನ್ನ ಭಾಗಿಸೋದ್ರಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವ್ದು? ಮುಂದಿನ ಭಾನುವಾರ ಹೇಳು” ಎಂದಿರಿ.

ಆ ಭಾನುವಾರ ಬೆಂಚು ಖಾಲಿ ಇತ್ತು.

ಕಲ್ಲಿನ ಹೊಣೆ ಹೊತ್ತವರು ನಿಮ್ಮ ವಾಕಿಂಗ್ ಗೆಳೆಯ, ಬ್ಯಾಂಕಿನಿಂದ ನಿವೃತ್ತರಾದ ರಾಜಣ್ಣ ಅಂಕಲ್. ಆ ಹುಟ್ಟುಹಬ್ಬಕ್ಕೆ ಅವರು ಊರಲ್ಲಿರಲಿಲ್ಲ. ಹೋಗಿ ಜಗಳ ಆಡಿದೆ.

“ಗೀಟು ಎಳೆದ್ಬಿಟ್ರೆ ಭಾಗ ಆಗತ್ತೇನಮ್ಮಾ? ನಾನೇ ಕೂತು ಮಾಡಿದೀನಿ. ಒಂದು ಇಳಿಸ್ಕೊ, ಭಾಗಿಸು, ಮತ್ತೊಂದು ಇಳಿಸ್ಕೊ... ಐವತ್ತರವರೆಗೂ ನೋಡ್ದೆ, ಯಾವ್ದೂ ಹೋಗ್ಲಿಲ್ಲ. ಸಾಕಪ್ಪಾ ಅಂತ ಬಿಟ್ಟೆ. ಮೇಲಾಗಿ ಅವಿಭಾಜ್ಯ ಅಂದ್ರೆ ಒಂದು ಗಾಂಭೀರ್ಯ ಇದೆ. ಸಂಯುಕ್ತ ಅಂದ್ರೆ ಜಾಯಿಂಟ್ ಅಕೌಂಟ್ ಥರ ಕೇಳ್ಸಲ್ವಾ?”

ಸಿಟ್ಟು ನೆತ್ತಿಗೇರಿತು. ಸತ್ತವರಿಗೆ ಗೌರವ ಎಂದರೆ ಅವರು ಒಪ್ಪದ ಮಾತನ್ನು ಅವರ ತಲೆಗೆ ಕಟ್ಟುವುದೇ? ಆದರೆ ಬಿಟಿಎಂನ ನನ್ನ ಪಿ.ಜಿ.ಗೆ ನಡೆದು ಬರುವಾಗ, ತೊಂಬತ್ತೊಂದು ಒಂದುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಾ ಕೂತ ಆ ಮನುಷ್ಯ ಕಣ್ಣ ಮುಂದೆ ಬಂದರು. ಕೈಯಲ್ಲಿ ಅಷ್ಟು ಉದ್ದದ ಭಾಗಾಕಾರ, ಮತ್ತೆ ಮತ್ತೆ. ನಿಮಗಾಗಿ ಅಲ್ಲದೆ ಇನ್ಯಾರಿಗಾಗಿ?

ಈಗ ಸುದ್ದಿ ಕೇಳಿ. ಹಳೆಯ ಕರಪತ್ರದ ಹಿಂಬದಿಯಲ್ಲಿ ಭಾಗಿಸುತ್ತಾ ಹೋದಾಗ ನೀವು ಕೇಳಿದ್ದು ಸಿಕ್ಕಿತು, ಮೇಷ್ಟ್ರೇ. ಐವತ್ತಮೂರು! ಹದಿಮೂರು ಒಂದುಗಳ ಸಂಖ್ಯೆಯನ್ನು ಅದು ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾಗಿ ನಿಮ್ಮ ಇಡೀ ಸಾಲನ್ನೂ. ಅಂಕಲ್ ಮೂರೇ ಹೆಜ್ಜೆ ಹಿಂದೆ ನಿಂತುಬಿಟ್ಟಿದ್ದರು. ನಿಮ್ಮ ನಿಪ್ಪಟ್ಟು ನನಗೆ ಬಾಕಿ...

ಕೆತ್ತುವವನು ಸೋಮವಾರ ಬರುತ್ತಾನೆ. ಇನ್ನೊಂದೇ ಒಂದು ಸಲ ಭಾಗಿಸಿ ಎಂದು ಅಂಕಲ್‌ಗೆ ಫೋನ್ ಮಾಡಿ ಬೇಡಿಕೊಂಡೆ. “ಭಾನುವಾರ ಬಾ. ಶೇಷ ಸೊನ್ನೆ ಬಂದ್ರೆ ಸಂಯುಕ್ತ ಅಂತ್ಲೇ ಹಾಕಿಸ್ತೀನಿ. ಬರ್ಲಿಲ್ಲ ಅಂದ್ರೆ ಬಾಯಿ ಮುಚ್ಕೋಬೇಕು, ಆಯ್ತಾ?” ಎಂದರು. ಒಪ್ಪಿದ್ದೇನೆ. ಯಾವ ಸಂಖ್ಯೆ ಎಂದು ಅವರಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕಿತ್ತಲ್ಲ.

ಸೀಮೆಸುಣ್ಣ ನಾನು ತರುತ್ತೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ, ಅದೇ ಬೆಂಚು.

ನಿಮ್ಮ
ಕರಪತ್ರ