ತೆನೆಹಬ್ಬದವರೆಗಿನ ಹರಿವೆ

ಇಲ್ಫರ್ಡ್, 2 ಮಾರ್ಚ್ 1998

ಪ್ರೀತಿಯ ಜೆಸಿಂತಾ,

ಬಿಸಿಲು ಬಂತು. ಈ ವರ್ಷವೂ ಹರಿವೆ, ಬಸಳೆ ಹಾಕುತ್ತೇನೆ, ನೆಲದಲ್ಲಲ್ಲ, ಕುಂಡದಲ್ಲಿ. ನಿಮ್ಮ ವೆಂಬ್ಲಿಯಿಂದ ಬರುವಾಗ ಎರಡು ಚೀಲ ಹೊಸ ಮಣ್ಣು ತಾ.

ಕೌನ್ಸಿಲ್‌ನವರು ನಮ್ಮ ಹಿತ್ತಲ ಮಣ್ಣು ಪರೀಕ್ಷಿಸಿದರು. ಮೊದಲು ಇಲ್ಲಿ ಬ್ಯಾಟರಿ ಶೆಡ್ ಇತ್ತಂತೆ. ಮಣ್ಣಿನ ತುಂಬ ಸೀಸದ ವಿಷವಂತೆ. "ಇಲ್ಲಿ ಬೆಳೆದದ್ದನ್ನು ತಿನ್ನಲೇಬೇಡಿ" ಎಂದರು. ನಾವೆಲ್ಲಿ ತಿಂದೆವು? ಹೊಸ ಬೆಳೆ ಮೊದಲು ಬಸುರಿಗೆ ಎಂದು ಅಮ್ಮ ಹೇಳುತ್ತಿದ್ದರಲ್ಲ, ಹೋದ ವರ್ಷ ನೀನು ಬಸುರಿಯಾಗಿದ್ದಾಗ ಒಂದೆಲೆಯನ್ನೂ ಇಟ್ಟುಕೊಳ್ಳದೆ ಸೆಪ್ಟೆಂಬರಿನ ತೆನೆಹಬ್ಬದವರೆಗೂ ನಿನಗೇ ಕೊಟ್ಟೆ.

ಆ ಸೊಪ್ಪು ಫ್ರೀಜರಿನಲ್ಲಿ ಉಳಿದಿದ್ದರೆ ಎಸೆದುಬಿಡು. ಮಗು ಮಂಕಾಗಿದೆ ಎಂದು ನೀನೇ ಹೇಳಿದ್ದೆ. ಈ ಕಾಗದ ಸಿಕ್ಕ ಕೂಡಲೇ ಜಿಪಿ ಡಾಕ್ಟರ ಹತ್ತಿರ ಹೋಗಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸು. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮಣ್ಣಿಗೆ ಅವಸರವಿಲ್ಲ.

ನಿನ್ನ ಅಕ್ಕ,
ಐರಿನ್